ಬಿಡುವಿನ ದಿನಕ್ಕೂ ಒಂದು ಬೇಲಿ ಬೇಕು

ವಾರಕ್ಕೆ ಏಳು ದಿನ ಎಂಬುದು ಒಂದನೇ ತರಗತಿಯ ಮಗುವಿಗೂ ಗೊತ್ತು. ಆದರೆ ಆ ಏಳರಲ್ಲಿ ದುಡಿಮೆಗೆ ಎಷ್ಟು, ಬಿಡುವಿಗೆ ಎಷ್ಟು ಎಂಬ ಲೆಕ್ಕವನ್ನು ಮಾತ್ರ ಪ್ರತಿ ತಲೆಮಾರೂ ಮತ್ತೆ ಮತ್ತೆ ಬಿಡಿಸಬೇಕಾಗಿ ಬಂದಿದೆ. ಈಗ ಆ ಸರದಿ ನಮ್ಮದು, ಅದರಲ್ಲೂ ಹತ್ತನೇ ತರಗತಿ ಮತ್ತು ಪಿಯುಸಿ ಓದುತ್ತಿರುವ ಮಕ್ಕಳ ತಂದೆ ತಾಯಿಗಳದು.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಯಾವುದೇ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣಕ್ಕೆ ಹೋಗಿ ನೋಡಿ. ಪಾಂಡವಪುರವಾಗಲಿ, ಕೃಷ್ಣರಾಜಪೇಟೆಯಾಗಲಿ, ನಾಗಮಂಗಲವಾಗಲಿ, ಹೆಗಲ ಮೇಲೆ ಚೀಲ ಹೊತ್ತ ಮಕ್ಕಳು ನಿಮಗೆ ಕಂಡೇ ಕಾಣುತ್ತಾರೆ. ಶಾಲೆಗೆ ರಜೆ, ಟ್ಯೂಷನ್ನಿಗೆ ರಜೆಯಿಲ್ಲ. "ಭಾನುವಾರವಾದರೂ ಮಲಗಲಿ ಬಿಡಿ" ಎಂದು ಮನೆಯ ಅಜ್ಜಿ ಹೇಳಿದರೆ, "ಅಕ್ಕಪಕ್ಕದ ಮನೆಯ ಮಕ್ಕಳೆಲ್ಲ ಹೋಗ್ತಾ ಅವರಲ್ಲಮ್ಮ, ನಮ್ಮದು ಒಂದು ಹಿಂದೆ ಬಿದ್ದರೆ?" ಎಂದು ಅಪ್ಪ ಕೇಳುತ್ತಾನೆ. ಅಜ್ಜಿಯ ಮಾತು ನಿಜ. ಅಪ್ಪನ ಭಯವೂ ಸುಳ್ಳಲ್ಲ. ಇಬ್ಬರೂ ಮಗುವಿನ ಒಳ್ಳೆಯದನ್ನೇ ಬಯಸುವವರು. ಹಾಗಿದ್ದೂ ಕೊನೆಗೆ ಮಗುವಿನ ಬಿಡುವಿನ ದಿನ ಹೋಗಿಬಿಡುತ್ತದೆ. ಇದು ಹೇಗೆ ಆಗುತ್ತದೆ, ಇದನ್ನು ತಡೆಯುವವರು ಯಾರು ಎಂಬುದೇ ಈ ವಾರದ ವಿಚಾರ.

ಮೊದಲು ಎತ್ತುಗಳ ಮಾತಿನಿಂದ ಶುರುಮಾಡೋಣ. ಹಳೇ ಮೈಸೂರು ಸೀಮೆಯಲ್ಲಿ ಸೋಮವಾರ ಆರು ಕಟ್ಟುವುದಿಲ್ಲ ಎಂಬುದು ಹಿಂದಿನಿಂದ ನಡೆದುಬಂದ ಪದ್ಧತಿ. ಸೋಮವಾರ ಈಶ್ವರನ ವಾರ, ಬಸವನ ವಾರ. ಅಂದು ಎತ್ತಿನ ಹೆಗಲ ಮೇಲೆ ನೊಗ ಇಡಬಾರದು. ಮೈ ತೊಳೆದು, ಹೊಟ್ಟೆ ತುಂಬ ಹುಲ್ಲು ಹಾಕಿ, ನೆರಳಿನಲ್ಲಿ ಕಟ್ಟಬೇಕು. ಮಳೆ ಹದವಾಗಿ ಬಿದ್ದು ನೆಲ ಉಳುಮೆಗೆ ಕರೆಯುತ್ತಿದ್ದರೂ ರೈತ ಮಂಗಳವಾರದವರೆಗೆ ಕಾಯುತ್ತಿದ್ದ. ಯಾರಾದರೂ ಆಸೆ ತಡೆಯಲಾರದೆ ನೇಗಿಲು ಎತ್ತಿಕೊಂಡರೆ "ಯಾಕಪ್ಪ, ಇವತ್ತು ಸೋಮವಾರ ಅಲ್ವಾ?" ಎಂದು ದಾರಿಯಲ್ಲಿ ಸಿಕ್ಕ ಹಿರಿಯರು ಕೇಳುತ್ತಿದ್ದರು. ಆ ಒಂದು ಪ್ರಶ್ನೆಯೇ ಸಾಕಾಗುತ್ತಿತ್ತು. ಹಳ್ಳಿಕಾರ್ ಎತ್ತುಗಳ ಜೋಡಿಗೆ ಹೆಸರಾದ ಸೀಮೆ ಇದು. ಹೇಮಗಿರಿಯ ದನಗಳ ಜಾತ್ರೆ, ಬೇಬಿ ಬೆಟ್ಟದ ದನಗಳ ಜಾತ್ರೆ ನೋಡಿದವರಿಗೆ ಎತ್ತಿನ ಬೆಲೆ ಗೊತ್ತು. ಸಾಲ ಮಾಡಿ ಕೊಂಡ ಜೋಡಿಯ ಹೆಗಲು ಬಾತುಕೊಂಡರೆ ಆ ವರ್ಷದ ಬೇಸಾಯವೇ ಹೋಯಿತು. ಹೀಗಾಗಿ ಭಕ್ತಿಯೂ ಲೆಕ್ಕಾಚಾರವೂ ಸೋಮವಾರದಲ್ಲಿ ಒಟ್ಟಿಗೇ ಇದ್ದವು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಎತ್ತು ತಾನಾಗಿ ರಜೆ ಕೇಳಲಾರದು. ಒಡೆಯನಿಗೋ ಕೆಲಸ ಮುಗಿಸುವ ಅವಸರ. ಆದ್ದರಿಂದ ಎತ್ತಿನ ಬಿಡುವನ್ನು ಎತ್ತಿಗೂ ಬಿಡಲಿಲ್ಲ, ಒಡೆಯನ ಮರ್ಜಿಗೂ ಬಿಡಲಿಲ್ಲ. ಊರೇ ಅದರ ಜವಾಬ್ದಾರಿ ಹೊತ್ತುಕೊಂಡಿತು. ಎಲ್ಲರೂ ಸೋಮವಾರ ನೊಗ ಇಳಿಸಿದ್ದರಿಂದ ಯಾರೊಬ್ಬರ ಹೊಲವೂ ಇನ್ನೊಬ್ಬರ ಹೊಲಕ್ಕಿಂತ ಒಂದು ದಿನ ಹಿಂದೆ ಬೀಳಲಿಲ್ಲ.

ಇದೇ ಮಾತನ್ನು ಸಾವಿರಾರು ಮೈಲಿ ಆಚೆಯ ಇನ್ನೊಂದು ಜನಾಂಗ ತನ್ನ ಧರ್ಮದ ಮುಖ್ಯ ಆಜ್ಞೆಗಳಲ್ಲಿ ಒಂದನ್ನಾಗಿ ಮಾಡಿಕೊಂಡಿತು. ಯಹೂದಿಗಳಿಗೆ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಸಬ್ಬತ್, ಅಂದರೆ ವಿಶ್ರಾಂತಿಯ ದಿನ. ಆ ಆಜ್ಞೆ ಮನೆಯ ಯಜಮಾನನಿಗೆ ಮಾತ್ರ ಸೀಮಿತವಲ್ಲ. ಮಗ, ಮಗಳು, ಆಳು, ಮನೆಗೆಲಸದವಳು, ಊರಿಗೆ ಬಂದ ಪರಸ್ಥಳದವನು, ಕೊನೆಗೆ ಎತ್ತು ಕತ್ತೆಗಳಿಗೂ ಆ ದಿನ ಬಿಡುವು ಸಿಗಬೇಕೆಂದು ಅದರಲ್ಲಿದೆ. ನಮ್ಮ ಬಸವನ ಸೋಮವಾರವೂ ಅವರ ಸಬ್ಬತ್ತೂ ಒಂದನ್ನೊಂದು ನೋಡದೆಯೇ ಎತ್ತಿನ ಹೆಗಲ ಬಳಿ ಬಂದು ಸೇರುತ್ತವೆ. ಕ್ರೈಸ್ತರು ಮುಂದೆ ಭಾನುವಾರವನ್ನು ತಮ್ಮ ಪೂಜೆಯ ದಿನವಾಗಿ ಮಾಡಿಕೊಂಡರು. 1799ರ ಯುದ್ಧದ ನಂತರ ನಮ್ಮ ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅವರ ಹೆಸರಿನ ಚರ್ಚು ಶ್ರೀರಂಗಪಟ್ಟಣದಲ್ಲಿದೆ. ಎತ್ತಿನ ಸೋಮವಾರ ಮತ್ತು ಚರ್ಚಿನ ಭಾನುವಾರ ಹೀಗೆ ಒಂದೇ ಹೊಳೆಯ ದಂಡೆಯಲ್ಲಿ ಎರಡು ಶತಮಾನ ಜೊತೆಯಾಗಿ ಬಾಳಿವೆ.

ಆಜ್ಞೆ ಇದ್ದಮಾತ್ರಕ್ಕೆ ಅದು ಉಳಿದೀತೇ? ಇಲ್ಲ. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ನೆಹೆಮಿಯ ಎಂಬವನ ಕಥೆ ಬರುತ್ತದೆ. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಪರ್ಷಿಯದ ದೊರೆಯ ಅಪ್ಪಣೆ ಪಡೆದು ಜೆರೂಸಲೇಮಿಗೆ ಅಧಿಕಾರಿಯಾಗಿ ಬಂದವನು ಅವನು. ಬಿದ್ದುಹೋಗಿದ್ದ ಕೋಟೆಗೋಡೆಯನ್ನು 52 ದಿನಗಳಲ್ಲಿ ಎಬ್ಬಿಸಿದ ಗಟ್ಟಿಗ. ಸ್ವಲ್ಪ ಕಾಲ ದೊರೆಯ ಬಳಿಗೆ ಹೋಗಿ ಹಿಂದಿರುಗಿ ನೋಡಿದರೆ, ಸಬ್ಬತ್ ದಿನವೇ ಜನ ದ್ರಾಕ್ಷಿ ತುಳಿಯುತ್ತಿದ್ದಾರೆ, ಕತ್ತೆಗಳ ಮೇಲೆ ಧಾನ್ಯದ ಮೂಟೆ ಹೇರುತ್ತಿದ್ದಾರೆ, ತೂರ್ ಪಟ್ಟಣದ ವ್ಯಾಪಾರಿಗಳು ಮೀನು ತಂದು ಮಾರುತ್ತಿದ್ದಾರೆ. ಬಿಡುವಿನ ದಿನ ಸಂತೆಯ ದಿನವಾಗಿತ್ತು.

ನೆಹೆಮಿಯ ಮಾಡಿದ ಕೆಲಸವನ್ನು ಹಂತಹಂತವಾಗಿ ನೋಡುವುದು ಒಳ್ಳೆಯದು. ಅವನು ಮೊದಲು ಕೇಳಿದ್ದು ಊರಿನ ದೊಡ್ಡ ಮನುಷ್ಯರನ್ನು. ಮೂಟೆ ಹೊತ್ತ ಬಡವನ ಮೇಲೆ ಅವನು ಎಗರಿ ಬೀಳಲಿಲ್ಲ. ಆಮೇಲೆ, ಸಬ್ಬತ್ತಿನ ಹಿಂದಿನ ಸಂಜೆ ಕತ್ತಲಾಗುತ್ತಿದ್ದಂತೆ ಕೋಟೆಯ ಬಾಗಿಲುಗಳನ್ನು ಮುಚ್ಚಿಸಿದ. ಸಬ್ಬತ್ ಮುಗಿಯುವವರೆಗೆ ತೆರೆಯಕೂಡದೆಂದು ತನ್ನ ಆಳುಗಳನ್ನೇ ಕಾವಲಿಗೆ ನಿಲ್ಲಿಸಿದ. ವ್ಯಾಪಾರಿಗಳು ಒಂದೆರಡು ಸಲ ಬಂದು ಗೋಡೆಯ ಹೊರಗೆ ರಾತ್ರಿ ಕಳೆದರು. ಇನ್ನೊಮ್ಮೆ ಬಂದರೆ ಹಿಡಿಸುತ್ತೇನೆಂದು ನೇರವಾಗಿ ಎಚ್ಚರಿಸಿದ ಮೇಲೆ ಅವರು ಬರುವುದು ನಿಂತಿತು. ಶ್ರೀರಂಗಪಟ್ಟಣದ ಕೋಟೆಬಾಗಿಲುಗಳನ್ನು ನೋಡಿರುವ ನಮ್ಮ ಮಕ್ಕಳಿಗೆ ಈ ಚಿತ್ರ ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ನಾವು ಕೋಟೆಯ ಬಾಗಿಲು ಹಾಕುವುದೆಂದರೆ ಶತ್ರುವಿಗೆ ಎಂದುಕೊಂಡಿದ್ದೇವೆ. ನೆಹೆಮಿಯ ಬಾಗಿಲು ಹಾಕಿಸಿದ್ದು ಒಳಗಿರುವವರ ಬಿಡುವನ್ನು ಕಾಯುವುದಕ್ಕೆ.

ಅವನು ಇಷ್ಟು ಬಿಗಿಯಾಗಿ ಏಕೆ ನಡೆದುಕೊಂಡ? ಒಬ್ಬ ಮೀನು ಮಾರಿದರೆ ಪಕ್ಕದವನೂ ಮಾರಲೇಬೇಕು. ಒಬ್ಬ ಅಂಗಡಿ ತೆರೆದರೆ ಎದುರಿನವನ ಗಿರಾಕಿ ಹೋಗುತ್ತದೆ. ಬಿಡುವಿನ ದಿನವನ್ನು ಯಾರೋ ದುಷ್ಟನೊಬ್ಬ ಕಿತ್ತುಕೊಂಡು ಹೋಗುವುದು ಅಪರೂಪ. "ಅವನು ಬಿಟ್ಟನಲ್ಲ, ನಾನೂ ಬಿಡುತ್ತೇನೆ" ಎಂದು ನಾವೇ ಒಬ್ಬರ ಹಿಂದೆ ಒಬ್ಬರು ಬಿಟ್ಟುಕೊಡುತ್ತೇವೆ. ಇಂಥ ಕಡೆ ಒಬ್ಬೊಬ್ಬರಿಗೂ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಎಲ್ಲರಿಗೂ ಒಂದೇ ಸಲ ಅನ್ವಯವಾಗುವ ಕಟ್ಟು ಬೇಕು, ಆ ಕಟ್ಟನ್ನು ಸಡಿಲಬಿಡದ ಮುಂದಾಳು ಬೇಕು.

ನಮ್ಮ ದೇಶದ ಭಾನುವಾರದ ರಜೆಯ ಹಿಂದೆಯೂ ಅಂಥ ಮುಂದಾಳು ಒಬ್ಬರಿದ್ದಾರೆ. ಅವರ ಹೆಸರು ನಾರಾಯಣ ಮೇಘಾಜಿ ಲೋಖಂಡೆ. 1848ರಲ್ಲಿ ಹುಟ್ಟಿದವರು, ಮಹಾತ್ಮ ಜ್ಯೋತಿಬಾ ಫುಲೆಯವರ ಒಡನಾಡಿ, 'ದೀನಬಂಧು' ಪತ್ರಿಕೆಯನ್ನು ನಡೆಸಿದವರು. ಮುಂಬಯಿಯ ಹತ್ತಿ ಗಿರಣಿಯೊಂದರಲ್ಲಿ ಕೆಲಸ ಮಾಡಿ ಕಾರ್ಮಿಕರ ಬಾಳನ್ನು ಹತ್ತಿರದಿಂದ ಕಂಡಿದ್ದರು. ಬೆಳಗಾಗುವ ಮುಂಚೆ ಗಿರಣಿ ಸೇರಿ ಕತ್ತಲಾದ ಮೇಲೆ ಮನೆ ಸೇರುವ ಗಂಡಸರು, ಹೆಂಗಸರು, ಮಕ್ಕಳು. ವಾರದ ರಜೆ ಎಂಬುದೇ ಹಕ್ಕಾಗಿರಲಿಲ್ಲ. 1884ರಲ್ಲಿ ಲೋಖಂಡೆ ಕಾರ್ಮಿಕರ ಸಭೆ ಸೇರಿಸಿದರು. ಸುಮಾರು 5,500 ಮಂದಿ ಸಹಿ ಮಾಡಿದ ಮನವಿಯಲ್ಲಿ ಕೇಳಿದ್ದು ಬಹಳ ದೊಡ್ಡದೇನಲ್ಲ. ಭಾನುವಾರ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ದುಡಿದ ತಿಂಗಳ ಸಂಬಳ ಮುಂದಿನ ತಿಂಗಳ 15ರೊಳಗೆ, ಯಂತ್ರಕ್ಕೆ ಸಿಕ್ಕಿ ಪೆಟ್ಟಾದರೆ ಪರಿಹಾರ.

ಆರು ವರ್ಷ ಕಾದರು. 1890ರ ಏಪ್ರಿಲ್ 24ರಂದು ಮುಂಬಯಿಯಲ್ಲಿ ಸುಮಾರು ಹತ್ತು ಸಾವಿರ ಕಾರ್ಮಿಕರ ಸಭೆ ನಡೆಯಿತು. ಆ ಕಾಲದಲ್ಲಿ ಇಬ್ಬರು ಹೆಂಗಸರು ವೇದಿಕೆ ಏರಿ ಮಾತನಾಡಿದರು. ಕೊನೆಗೆ 1890ರ ಜೂನ್ 10ರಂದು ಗಿರಣಿ ಮಾಲೀಕರ ಸಂಘ ಭಾನುವಾರ ರಜೆಗೆ ಒಪ್ಪಿತು. ಗಮನಿಸಿ, ಒಪ್ಪಿದ್ದು ಒಬ್ಬ ಮಾಲೀಕನಲ್ಲ, ಮಾಲೀಕರ ಸಂಘ. ಒಂದೇ ಗಿರಣಿ ಮುಚ್ಚಿದ್ದರೆ ಆ ಮಾಲೀಕನಿಗೆ ನಷ್ಟ. ಎಲ್ಲ ಗಿರಣಿಗಳೂ ಒಂದೇ ದಿನ ಮುಚ್ಚಿದರೆ ಪೈಪೋಟಿಯಲ್ಲಿ ಯಾರಿಗೂ ನಷ್ಟವಿಲ್ಲ. ಮರುವರ್ಷ, 1891ರ ಕಾರ್ಖಾನೆ ಕಾಯ್ದೆಯಲ್ಲಿ ವಾರದ ರಜೆ ಸೇರಿತು. ಲೋಖಂಡೆಯವರು 1897ರಲ್ಲಿ ಪ್ಲೇಗಿಗೆ ಬಲಿಯಾದರು. 2005ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ತಂದಿತು. ಭಾನುವಾರದ ರಜೆಯನ್ನು ಬ್ರಿಟಿಷರು ತಮ್ಮ ಚರ್ಚಿಗಾಗಿ ಕೊಟ್ಟುಹೋದರು ಎಂದಷ್ಟೇ ನಂಬಿರುವ ವಿದ್ಯಾರ್ಥಿಗಳು ಈ ಹೆಸರನ್ನು ಬರೆದಿಟ್ಟುಕೊಳ್ಳಬೇಕು. ಸರ್ಕಾರಿ ಕಚೇರಿಗಳ ಭಾನುವಾರದ ಕಥೆ ಬೇರೆ ಇರಬಹುದು. ದುಡಿಯುವ ಜನರ ಭಾನುವಾರವನ್ನು ಮಾತ್ರ ದುಡಿಯುವ ಜನರೇ ಕೇಳಿ ಪಡೆದರು.

1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ವಾರದ ವಿಶ್ರಾಂತಿಯ ಬಗ್ಗೆ ಒಡಂಬಡಿಕೆಯೊಂದನ್ನು ಮಾಡಿತು. ಏಳು ದಿನಗಳಿಗೊಮ್ಮೆ ಕನಿಷ್ಠ 24 ಗಂಟೆ ಒಂದೇ ಸಮನೆ ಬಿಡುವು ಕೊಡಬೇಕು ಎಂಬುದು ಅದರ ಸಾರ. ಸಾಧ್ಯವಾದಷ್ಟೂ ಎಲ್ಲ ಕೆಲಸಗಾರರಿಗೂ ಒಂದೇ ದಿನ, ಆ ನಾಡಿನ ಸಂಪ್ರದಾಯದಲ್ಲಿ ಇರುವ ದಿನವೇ ಆಗಿರಲಿ ಎಂದೂ ಅದು ಹೇಳಿತು. ಭಾರತ 1923ರಲ್ಲೇ ಅದಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮ ಸಂವಿಧಾನದ 43ನೆಯ ವಿಧಿ ಕೂಲಿಯ ಜೊತೆಗೆ ಬಿಡುವಿನ ಮಾತನ್ನೂ ಆಡುತ್ತದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೂ ಕೆಲಸಗಾರರಿಗೆ ವಾರಕ್ಕೊಂದು ಪೂರ್ತಿ ದಿನದ ರಜೆ ಇದೆ.

'ಒಂದೇ ದಿನ' ಎಂಬ ಮಾತು ಏಕೆ ಮುಖ್ಯ ಎನ್ನುವುದಕ್ಕೆ ರಷ್ಯಾದಲ್ಲಿ ಒಂದು ಪ್ರಯೋಗ ನಡೆಯಿತು. 1929ರಲ್ಲಿ ಸೋವಿಯತ್ ಸರ್ಕಾರ ಯಂತ್ರಗಳು ಒಂದು ದಿನವೂ ನಿಲ್ಲಬಾರದೆಂದು ಐದು ದಿನಗಳ ವಾರ ತಂದು, ಕೆಲಸಗಾರರನ್ನು ಐದು ಗುಂಪು ಮಾಡಿತು. ನಾಲ್ಕು ದಿನ ಕೆಲಸ, ಐದನೆಯ ದಿನ ರಜೆ. ಲೆಕ್ಕಕ್ಕೆ ರಜೆ ಹೆಚ್ಚೇ ಸಿಕ್ಕಿತು. ಆದರೆ ಗಂಡನಿಗೆ ಒಂದು ದಿನ, ಹೆಂಡತಿಗೆ ಇನ್ನೊಂದು ದಿನ, ಸ್ನೇಹಿತನಿಗೆ ಮತ್ತೊಂದು ದಿನ. ರಜೆ ಇದ್ದರೂ ಜೊತೆಗೆ ಕೂತು ಊಟ ಮಾಡುವವರಿಲ್ಲ. ಯಂತ್ರಗಳೂ ದುರಸ್ತಿಗೆ ಬಿಡುವಿಲ್ಲದೆ ಕೆಟ್ಟವು. 1931ರಲ್ಲಿ ಆ ಪದ್ಧತಿಯನ್ನು ಕೈಬಿಡಬೇಕಾಯಿತು. 1940ರಲ್ಲಿ ಏಳು ದಿನದ ವಾರ, ಭಾನುವಾರದ ರಜೆ ಮರಳಿ ಬಂತು. ಬಿಡುವೆಂದರೆ ಮೈಗೆ ಸಿಗುವ ವಿಶ್ರಾಂತಿ ಅಷ್ಟೇ ಆಗಿದ್ದರೆ ಆ ಪ್ರಯೋಗ ಗೆಲ್ಲಬೇಕಿತ್ತು. ನಾಲ್ಕು ಜನ ಕೂಡುವುದೂ ಬಿಡುವಿನೊಳಗೇ ಸೇರಿದೆ.

ಇಷ್ಟು ದೂರ ಹೋಗುವುದೇ ಬೇಡ. ನಮ್ಮ ಊರುಗಳ ಕ್ಷೌರದಂಗಡಿಗಳನ್ನು ನೋಡಿ. ಮಂಗಳವಾರ ಬಾಗಿಲು ಹಾಕಿರುತ್ತವೆ. ಗಿರಾಕಿಗಳು ಗೊಣಗುವುದಿಲ್ಲ, ಬುಧವಾರ ಬರುತ್ತಾರೆ. ಅಂಗಡಿಯವರೆಲ್ಲ ಒಟ್ಟಾಗಿ ಬಾಗಿಲು ಹಾಕುವುದರಿಂದ ಒಬ್ಬರ ಗಿರಾಕಿ ಇನ್ನೊಬ್ಬರ ಪಾಲಾಗುವುದಿಲ್ಲ. ದಿನವೆಲ್ಲ ನಿಂತೇ ಕೆಲಸ ಮಾಡುವ ಅವರು ಆ ಒಂದು ದಿನವನ್ನು ಒಗ್ಗಟ್ಟಿನಿಂದ ಉಳಿಸಿಕೊಂಡಿದ್ದಾರೆ. ಡಿಗ್ರಿ ಮೇಲೆ ಡಿಗ್ರಿ ಪಡೆದ ನಾವು ನಮ್ಮ ಮಕ್ಕಳ ಭಾನುವಾರವನ್ನು ಹಾಗೆ ಉಳಿಸಿಕೊಳ್ಳಲು ಆಗಿಲ್ಲವಲ್ಲ!

ಈಗ ಮಕ್ಕಳ ವಿಷಯಕ್ಕೆ ಬರೋಣ. "ಬಿಡುವು ಕೊಟ್ಟರೆ ಓದಿದ್ದು ಮರೆತುಹೋಗುತ್ತದೆ" ಎಂಬುದು ತಂದೆ ತಾಯಿಗಳ ದೊಡ್ಡ ಆತಂಕ. ನೆನಪಿನ ಶಕ್ತಿಯ ಬಗ್ಗೆ ಜರ್ಮನಿಯ ಎಬಿಂಗ್‌ಹಾಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಹಿಡಿದು ಇಂದಿನವರೆಗೆ ವಿಜ್ಞಾನಿಗಳು ಮತ್ತೆ ಮತ್ತೆ ಕಂಡುಕೊಂಡಿರುವುದು ಇದಕ್ಕೆ ತಿರುಗುಮುರುಗು. ಒಂದೇ ಬೈಠಕ್ಕಿನಲ್ಲಿ ಐದು ಗಂಟೆ ಉರುಹೊಡೆದದ್ದಕ್ಕಿಂತ, ಅದೇ ಐದು ಗಂಟೆಯನ್ನು ಹಲವು ದಿನಗಳಿಗೆ ಹಂಚಿ, ನಡುವೆ ಬಿಡುವು ಕೊಟ್ಟು ಓದಿದ್ದು ಹೆಚ್ಚು ಕಾಲ ನಿಲ್ಲುತ್ತದೆ. ನಿದ್ದೆಯದೂ ಇದೇ ಕಥೆ. 13ರಿಂದ 18 ವರ್ಷದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಸಂಸ್ಥೆ 2016ರಲ್ಲಿ ಹೇಳಿತು. ಹಗಲು ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ಹೆಚ್ಚಾಗಿ ನಿದ್ದೆಯಲ್ಲೇ.

ನಾಲೆ ಬಯಲಿನ ರೈತರಿಗೆ ಇದನ್ನು ವಿಜ್ಞಾನಿಗಳೇ ಬಂದು ಹೇಳಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಕೆಲವು ದಿನ ನೀರು, ಕೆಲವು ದಿನ ನಿಲುಗಡೆ. ನೀರು ಉಳಿಸಲು ಮಾಡಿದ ಪದ್ಧತಿ ಅದು, ನಿಜ. ಆದರೆ ಗದ್ದೆಯಲ್ಲಿ ಸದಾ ನೀರು ನಿಂತರೆ ಕಬ್ಬಿನ ಬೇರು ಕೊಳೆಯುತ್ತದೆ ಎಂಬುದನ್ನು ಕಂಡ ರೈತ ತನ್ನ ಮಗನ ತಲೆಗೆ ಮಾತ್ರ ಏಳೂ ದಿನ ನೀರು ಕಟ್ಟುವುದೇಕೆ?

2023ರಲ್ಲಿ ರಾಜಸ್ಥಾನದ ಕೋಟಾ ನಗರದಲ್ಲಿ ಕೋಚಿಂಗಿಗೆಂದು ಬಂದಿದ್ದ ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಆ ಆಗಸ್ಟ್‌ನಲ್ಲಿ ಅಲ್ಲಿನ ಜಿಲ್ಲಾಡಳಿತ ಕೋಚಿಂಗ್ ಕೇಂದ್ರಗಳ ಪರೀಕ್ಷೆಗಳನ್ನು ಎರಡು ತಿಂಗಳ ಮಟ್ಟಿಗೆ ನಿಲ್ಲಿಸಿತು. ಇಂಥ ಸಾವುಗಳಿಗೆ ಕಾರಣ ಒಂದೇ ಇರುವುದಿಲ್ಲ, ವಾರದ ರಜೆಯೊಂದೇ ಮದ್ದೆಂದು ಹೇಳುವುದು ತಪ್ಪಾದೀತು. ಆದರೆ 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿದಾಗ ಅದರಲ್ಲಿ ಎರಡು ಮಾತುಗಳು ಸೇರಿದವು. ವಿದ್ಯಾರ್ಥಿಗಳಿಗೂ ಬೋಧಕರಿಗೂ ವಾರಕ್ಕೊಂದು ರಜೆ ಇರಬೇಕು. ರಜೆಯ ಮರುದಿನ ಪರೀಕ್ಷೆ ಇಡಬಾರದು. ಎರಡನೆಯ ಮಾತನ್ನು ಬರೆದವರು ಮಕ್ಕಳ ಮನಸ್ಸು ಬಲ್ಲವರಿರಬೇಕು. ಸೋಮವಾರ ಪರೀಕ್ಷೆ ಇಟ್ಟು ಭಾನುವಾರ ರಜೆ ಕೊಟ್ಟರೆ ಅದು ರಜೆಯೇ? ಬಾಗಿಲು ಮುಚ್ಚಿ ಕಿಟಕಿ ತೆರೆದಂತೆ. ಆದರೆ ಅದು ಮಾರ್ಗಸೂಚಿ. ಅದಕ್ಕೆ ಕಾಯ್ದೆಯ ಬಲ ಕೊಟ್ಟು ಜಾರಿ ಮಾಡುವ ಕೆಲಸ ರಾಜ್ಯಗಳದು. ಕಾಗದದ ಮೇಲಿನ ಸಬ್ಬತ್ತಿಗೂ ಕೋಟೆಯ ಬಾಗಿಲು ಹಾಕಿದ ಸಬ್ಬತ್ತಿಗೂ ಇರುವ ಅಂತರ ಇದೇ.

ಇನ್ನೊಂದು ಕಡೆ ದೊಡ್ಡವರ ಲೋಕದಿಂದ ಬರುತ್ತಿರುವ ಗಾಳಿಯೂ ಬೇರೆ. 2023ರಲ್ಲಿ ಹೆಸರಾಂತ ಉದ್ಯಮಿಯೊಬ್ಬರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಇನ್ನೊಬ್ಬರು 90 ಗಂಟೆಯ ಮಾತಾಡಿ ಭಾನುವಾರವನ್ನೂ ಸೇರಿಸಿದರು. ದೇಶವೆಲ್ಲ ಅದರ ಬಗ್ಗೆ ಚರ್ಚೆ ಮಾಡಿತು, ನಕ್ಕಿತು, ಸಿಟ್ಟಾಯಿತು. ಆದರೆ ಶಾಲೆ, ಅದರ ಹಿಂದೂ ಮುಂದೂ ಟ್ಯೂಷನ್, ರಾತ್ರಿ ಮನೆಗೆಲಸ, ಭಾನುವಾರ ವಿಶೇಷ ತರಗತಿ ಇವನ್ನೆಲ್ಲ ಕೂಡಿಸಿ ನಮ್ಮ ಮನೆಯ ಪಿಯುಸಿ ವಿದ್ಯಾರ್ಥಿಯ ವಾರದ ಗಂಟೆಗಳೆಷ್ಟು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಉದ್ಯಮಿಗಳ ಮೇಲಿನ ನಮ್ಮ ಸಿಟ್ಟು ಸ್ವಲ್ಪ ಇಳಿಯಬಹುದು, ನಮ್ಮ ಮೇಲೆ ನಮಗೇ ಸ್ವಲ್ಪ ಏರಬಹುದು.

"ಇದೆಲ್ಲ ಪೇಟೆಯವರ ಮಾತು. ನಮ್ಮ ಹಳ್ಳಿಯ ಸರ್ಕಾರಿ ಶಾಲೆಯ ಮಕ್ಕಳಿಗೆ ಮನೆಯಲ್ಲಿ ಹೇಳಿಕೊಡುವವರಿಲ್ಲ. ಭಾನುವಾರದ ತರಗತಿಯೂ ಇಲ್ಲದಿದ್ದರೆ ಅವರ ಗತಿಯೇನು?" ಎಂದು ಕೇಳುವ ಮೇಷ್ಟ್ರುಗಳಿದ್ದಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ತಮ್ಮ ರಜೆ ಬಿಟ್ಟು, ಸಂಬಳಕ್ಕೆ ಮೀರಿ ಪಾಠ ಮಾಡುವ ಮೇಷ್ಟ್ರುಗಳನ್ನು ನಾವು ಗೌರವಿಸಬೇಕು. ಭಾನುವಾರ ಮನೆಯಲ್ಲಿದ್ದರೆ ಹುಲ್ಲು ಕೊಯ್ಯಲು, ತಮ್ಮನನ್ನು ನೋಡಿಕೊಳ್ಳಲು ನಿಲ್ಲಬೇಕಾದ ಹೆಣ್ಣುಮಗುವಿಗೆ ಶಾಲೆಯೇ ಬಿಡುವಿನ ತಾಣವಾಗಿರಲೂಬಹುದು. ಆದ್ದರಿಂದ ಇಲ್ಲಿ ಹಟ ಬೇಡ. ಯಹೂದಿಗಳ ಧರ್ಮಶಾಸ್ತ್ರದಲ್ಲೇ ಜೀವಕ್ಕೆ ಅಪಾಯ ಬಂದಾಗ ಸಬ್ಬತ್ತಿನ ಕಟ್ಟು ಸಡಿಲವಾಗುತ್ತದೆ. ಬಿಗಿ ಬೇರೆ, ಕ್ರೌರ್ಯ ಬೇರೆ. ಹಿಂದುಳಿದ ಮಕ್ಕಳಿಗೆ ಹೆಚ್ಚಿನ ಪಾಠ ಬೇಕಾದರೆ ಅದು ವಾರದ ಆರು ದಿನಗಳಲ್ಲಿ ಜಾಗ ಹುಡುಕಿಕೊಳ್ಳಲಿ. ಪರೀಕ್ಷೆಗೆ ಎರಡು ವಾರ ಇರುವಾಗ ಒಂದು ಭಾನುವಾರ ಸಂಶಯ ಕೇಳಲು ಮೇಷ್ಟ್ರು ಸಿಕ್ಕರೆ ಯಾರೂ ಬೇಡ ಎನ್ನುವುದಿಲ್ಲ. ಜೂನ್‌ನಿಂದ ಮಾರ್ಚ್‌ವರೆಗೆ ಪ್ರತಿ ಭಾನುವಾರವೂ ಪರೀಕ್ಷೆಯ ಹಿಂದಿನ ದಿನದಂತೆ ಆಗುವುದು ಮಾತ್ರ ಬೇಡ.

ಇಲ್ಲಿ ಮನೆಯ ಒಳಗಿನ ಮಾತೊಂದನ್ನು ಹೇಳಲೇಬೇಕು. ಸೋಮವಾರ ಎತ್ತಿಗೆ ಬಿಡುವಿತ್ತು. ಆದರೆ ಆ ಎತ್ತಿಗೆ ಹುಲ್ಲು ತಂದು ಕೊಟ್ಟಿಗೆ ಬಾಚಿದ ಹೆಂಗಸಿಗೆ ಯಾವ ವಾರ ಬಿಡುವಿತ್ತು? ಈಗಲೂ ಅಷ್ಟೆ. ಭಾನುವಾರ ಗಂಡನಿಗೆ ರಜೆ, ಮಕ್ಕಳಿಗೆ ರಜೆ, ಬಾಡೂಟದ ಮಸಾಲೆ ಅರೆಯುವ ತಾಯಿಗೆ ಅಂದೇ ಕೆಲಸ ಜಾಸ್ತಿ. ಹಸು ಸಾಕಿದವರ ಮನೆಯಲ್ಲಿ ಭಾನುವಾರವೂ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹೋಗಲೇಬೇಕು. ಕೃಷ್ಣರಾಜಸಾಗರದ ಬೃಂದಾವನಕ್ಕೆ ನಾವು ಭಾನುವಾರ ತಿರುಗಾಡಲು ಹೋಗುತ್ತೇವೆ. ನಮಗೆ ಮೀನು ಹುರಿದುಕೊಡುವವರಿಗೆ, ಬಸ್ ಓಡಿಸಿದವರಿಗೆ, ಅಣೆಕಟ್ಟೆಯ ನೀರಿನ ಮಟ್ಟ ನೋಡುವವರಿಗೆ ಅಂದು ಕೆಲಸದ ದಿನ. ಹೊಳೆಗೆ ಭಾನುವಾರವಿಲ್ಲ, ಆಸ್ಪತ್ರೆಗೂ ಇಲ್ಲ. ಅಂಥವರಿಗೆ ವಾರದಲ್ಲಿ ಬೇರೊಂದು ದಿನ ತಪ್ಪದೆ ಸಿಗಬೇಕು ಎಂಬುದು ನ್ಯಾಯ. ಆ ಹಳೆಯ ಆಜ್ಞೆಯಲ್ಲಿ ಆಳು, ಮನೆಗೆಲಸದವಳು, ಪರಸ್ಥಳದವನು ಎಂದು ಒಬ್ಬೊಬ್ಬರನ್ನೂ ಬಿಡಿಸಿ ಹೇಳಿದ್ದು ಸುಮ್ಮನೆ ಅಲ್ಲ. ಹೇಳದೆ ಬಿಟ್ಟರೆ ಮರೆತುಹೋಗುವವರು ಯಾವಾಗಲೂ ಅವರೇ. ಭಾನುವಾರ ಒಂದು ಹೊತ್ತಿನ ಅಡುಗೆಯನ್ನು ಅಪ್ಪ ಮಕ್ಕಳು ಮಾಡಿದರೆ, ಪಾತ್ರೆಯನ್ನು ಹುಡುಗರು ತೊಳೆದರೆ, ರಜೆಯ ನಿಜವಾದ ಪಾಠ ಅಲ್ಲಿಂದಲೇ ಶುರುವಾಗುತ್ತದೆ.

ಹಾಗಾದರೆ ಕೋಟೆಯ ಬಾಗಿಲು ಹಾಕುವವರು ಯಾರು?

ಮೊದಲನೆಯವರು ಮುಖ್ಯೋಪಾಧ್ಯಾಯರು ಮತ್ತು ಕೋಚಿಂಗ್ ನಡೆಸುವವರು. ಒಂದು ಊರಿನ ಎಲ್ಲ ಟ್ಯೂಷನ್ ಮೇಷ್ಟ್ರುಗಳೂ ಒಂದು ಸಂಜೆ ಕೂತು "ಭಾನುವಾರ ನಮ್ಮಲ್ಲಿ ಯಾರೂ ಪಾಠ ಮಾಡುವುದಿಲ್ಲ, ಸೋಮವಾರ ಯಾರೂ ಪರೀಕ್ಷೆ ಇಡುವುದಿಲ್ಲ" ಎಂದು ಮಾತಾಡಿಕೊಂಡರೆ ಆಯಿತು. ಕ್ಷೌರದಂಗಡಿಯವರಿಗೆ ಸಾಧ್ಯವಾದದ್ದು ಅವರಿಗೆ ಏಕೆ ಆಗದು? ಮೇಷ್ಟ್ರಿಗೂ ಮನೆಯಿದೆ, ಮಕ್ಕಳಿದ್ದಾರೆ.

ಎರಡನೆಯವರು ತಂದೆ ತಾಯಿ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ, ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಮಾತು ಮುಗಿದ ಮೇಲೆ ಈ ಮಾತನ್ನೂ ಎತ್ತಿ. ಒಬ್ಬರೇ ಎದ್ದು ಹೇಳಿದರೆ "ಇವರ ಮಗ ಓದುವುದರಲ್ಲಿ ಸೋಮಾರಿ ಇರಬೇಕು" ಎಂದುಕೊಂಡಾರು. ಹತ್ತು ಜನ ಮೊದಲೇ ಮಾತಾಡಿಕೊಂಡು ಹೇಳಿ. ನೆಹೆಮಿಯ ಮೊದಲು ಊರಿನ ದೊಡ್ಡವರನ್ನೇ ಏಕೆ ಕೇಳಿದ ಎಂಬುದು ಆಗ ಅರ್ಥವಾಗುತ್ತದೆ. ಊರಿನ ಡಾಕ್ಟರು, ವಕೀಲರು, ಅಧ್ಯಾಪಕರು ತಮ್ಮ ಮಕ್ಕಳನ್ನು ಭಾನುವಾರ ಕಳಿಸದಿದ್ದರೆ ಉಳಿದವರಿಗೂ ಧೈರ್ಯ ಬರುತ್ತದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ವಿಶ್ರಾಂತಿ ಮತ್ತು ಆಟವನ್ನು ಮಗುವಿನ ಹಕ್ಕು ಎನ್ನುತ್ತದೆ. 1992ರಲ್ಲಿ ಭಾರತ ಅದನ್ನು ಒಪ್ಪಿದೆ. ನೀವು ಕೇಳುತ್ತಿರುವುದು ರಿಯಾಯಿತಿಯನ್ನಲ್ಲ.

ಮೂರನೆಯವರು ವಿದ್ಯಾರ್ಥಿಗಳೇ, ನೀವು. ಬಿಡುವು ಬೇಕೆಂದು ಕೇಳುವವರು ಉಳಿದ ಆರು ದಿನ ಸರಿಯಾಗಿ ದುಡಿಯಬೇಕು. ಆ ಆಜ್ಞೆಯಲ್ಲಿ ಆರು ದಿನದ ದುಡಿಮೆಯ ಮಾತೂ ಇದೆ ಎಂಬುದನ್ನು ಮರೆಯಬೇಡಿ. ಶನಿವಾರ ಸಂಜೆಯೊಳಗೆ ಮನೆಗೆಲಸ ಮುಗಿಸಿ, ಚೀಲ ಕಟ್ಟಿ ಮೂಲೆಗಿಡಿ. ಭಾನುವಾರ ಪುಸ್ತಕ ಮುಟ್ಟಬಾರದೆಂದೇನೂ ಇಲ್ಲ, ಪಠ್ಯವಲ್ಲದ ಪುಸ್ತಕ ಮುಟ್ಟಿ. ಆದರೆ ಒಂದು ಎಚ್ಚರಿಕೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಮೊಬೈಲ್ ಹಿಡಿದು ಮಲಗಿದರೆ ಅದು ಬಿಡುವಲ್ಲ, ನೊಗ ಬದಲಾಯಿಸಿದಂತೆ. ಎತ್ತನ್ನು ನೇಗಿಲಿನಿಂದ ಬಿಚ್ಚಿ ಗಾಣಕ್ಕೆ ಕಟ್ಟಿದರೆ ಎತ್ತಿಗೆ ಏನು ಬಂತು? ಹೊಳೆದಂಡೆಗೆ ಹಿರಿಯರ ಜೊತೆ ಹೋಗಿ, ಅಜ್ಜಿಯ ಹತ್ತಿರ ಕೂತು ಊರಿನ ಹಳೆಯ ಕಥೆ ಕೇಳಿ, ಕ್ರಿಕೆಟ್ ಆಡಿ, ಏನೂ ಮಾಡದೆ ಅರ್ಧ ಗಂಟೆ ಜಗಲಿಯ ಮೇಲೆ ಕೂತಿರಿ.

ಇಂದು ಹೊಲಗಳಲ್ಲಿ ಎತ್ತಿಗಿಂತ ಟ್ರ್ಯಾಕ್ಟರೇ ಹೆಚ್ಚು. ಟ್ರ್ಯಾಕ್ಟರಿಗೆ ಸೋಮವಾರವೂ ಒಂದೇ, ಮಂಗಳವಾರವೂ ಒಂದೇ. ಅದು ಯಂತ್ರ, ಪರವಾಗಿಲ್ಲ. ಮಕ್ಕಳನ್ನು ಮಾತ್ರ ಆ ಲೆಕ್ಕಕ್ಕೆ ಸೇರಿಸುವುದು ಬೇಡ. ಬರುವ ಪೋಷಕರ ಸಭೆಗೆ ಹೋಗುವ ಮುಂಚೆ ನಿಮ್ಮ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಕೇಳಿ: "ಹೋದ ಭಾನುವಾರ ನೀನು ಏನು ಮಾಡಿದೆಯಪ್ಪ?" ಉತ್ತರ ಹೇಳಲು ಮಗು ತಡವರಿಸಿದರೆ, ಸಭೆಯಲ್ಲಿ ಎದ್ದು ಹೇಳಬೇಕಾದ ಮಾತು ಯಾವುದೆಂದು ನಿಮಗೆ ಯಾರೂ ಬರೆದುಕೊಡಬೇಕಾಗಿಲ್ಲ.